ಕೆಂಪು ಬದಿ, ಹಸಿರು ಬದಿ

ಜೂನ್ ತಿಂಗಳು. ತಿತಿಕಾಕಾ ಸರೋವರದಿಂದೆದ್ದ ಚಳಿ
ಬಾಗಿಲ ಸಂದಿಯಲ್ಲಿ ಬೆರಳಿಟ್ಟು ನೋಡುತ್ತಿತ್ತು.
ಅಪ್ಪ ಕಂಬಳಿ ಹಾಸಿ ಒಣ ಕಾಳು ಸುರಿದ.
ಒಂದು ಕಾಳೆಂದರೆ ಒಬ್ಬರ ಒಂದು ದಿನದ ದುಡಿತ.

ಹಸಿವಿರಲಿಲ್ಲ ನಮಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.
ಮೂರು ತುಂಡು ಹೊಲ, ಹನ್ನೊಂದು ಕುರಿ,
ಅಟ್ಟದ ಮೇಲೆ ಎರಡು ವರ್ಷ ಕೆಡದ ಆಲೂಗಡ್ಡೆ.
ಇಲ್ಲದ್ದು ನೋಟು.
ಅಣ್ಣ ಎಫ್ರಾಯಿನ್‌ಗೆ ಹೂಲಿ ಪೇಟೆಯಲ್ಲಿ ಓದಲು ಒಂದು ಕೋಣೆ,
ಅಜ್ಜಿಯ ಹಲ್ಲು, ಉಪ್ಪು, ಸೀಮೆಎಣ್ಣೆ:
ಇವು ಯಾವುವೂ ಆಲೂಗಡ್ಡೆ ಎಣಿಸಿಕೊಳ್ಳುವುದಿಲ್ಲ.

ಹಗಲು ರಸ್ತೆಯವರು ಬಂದಿದ್ದರು.
ಮನೆಗೊಬ್ಬರು, ಒಂಬತ್ತು ತಿಂಗಳು, ಶನಿವಾರ ಶನಿವಾರ ಕೂಲಿ.

ಎಲೆ ಹರಡಿ ಕೇಳೋಣವೇ ಅಂದ ಅಪ್ಪ.
ಅಜ್ಜಿ ಪಾಸ್ಕುವಾಲಾ ಮೂಗು ಮುರಿದಳು:
'ಎಲೆಗೇನು ಗೊತ್ತು ಕೂಲಿಯ ದರ? ಕಾಳೇ ಎಣಿಸು.'

ಎಣಿಸಿದರು.
ಆಲೂಗಡ್ಡೆ ರಾತ್ರಿ ಹಿಮಕ್ಕೆ ಹರವಿ
ಬೆಳಗ್ಗೆ ಬರಿಗಾಲಲ್ಲಿ ತುಳಿದು ನೀರು ಹಿಂಡಲು ಇಷ್ಟು ಕಾಳು.
ಅಕ್ಟೋಬರಿನ ಬಿತ್ತನೆಗೆ ಇಷ್ಟು.
ಕುರಿಗೆ ದಿನಾ ಒಂದು, ಭಾನುವಾರವೂ.
ಅಪ್ಪನ ಪಾಲು, ಅಮ್ಮನ ಪಾಲು, ಅಣ್ಣನದು ಶಾಲೆ ಕಳೆದು.
ನನಗೆ ಹತ್ತು ವರ್ಷ.
ಅಪ್ಪ ಒಂದು ಕಾಳು ಕಚ್ಚಿ ಎರಡು ಮಾಡಿ
ಅರ್ಧ ನನ್ನ ಮುಂದಿಟ್ಟ.
ಉಳಿದರ್ಧ ಅಜ್ಜಿಗೆ ಅಂತಲೇ ಇರಬೇಕು,
ಅವಳು ತಿಂದುಬಿಟ್ಟಳು.

ತೊಡಕಿದ್ದದ್ದು ಕಾಲುನೇಗಿಲಿನಲ್ಲಿ.
ಅಪ್ಪ ತುಳಿದು ಮಣ್ಣು ಎಬ್ಬಿಸಿದರೆ
ಎದುರು ಬಗ್ಗಿ ಕುಳಿತು ಹೆಂಟೆ ಮಗುಚುವವಳು ಅಮ್ಮ.
ಒಬ್ಬರು ಹೋದರೆ ಒಬ್ಬರು ಕಡಿಮೆಯಾಗುವುದಿಲ್ಲ,
ಇಬ್ಬರೂ ಕಡಿಮೆಯಾಗುತ್ತಾರೆ.
ಇದನ್ನು ತೋರಿಸುವ ಕಾಳು ಕಂಬಳಿಯ ಮೇಲಿರಲಿಲ್ಲ.

ಅಪ್ಪನೇ ಹೋಗುವುದು ಅಂತ ಎಲ್ಲರೂ ತಿಳಿದಿದ್ದೆವು.
ಯಾರೂ ಬಾಯಿಬಿಟ್ಟು ಅಂದಿರಲಿಲ್ಲ, ಅಷ್ಟೆ.
ಅಮ್ಮ ಎದ್ದಳು.
ಮೂಲೆಯಲ್ಲಿದ್ದ ಅಪ್ಪನ ಬೂಟಿನೊಳಗೆ ಚಿಂದಿ ತುರುಕಿ
ಕಾಲಿಟ್ಟು, ಒಲೆಯವರೆಗೆ ನಡೆದು, ತಿರುಗಿ ಬಂದಳು.
'ಫಲಕ ಹಿಡಿಯಲು ಹೆಂಗಸರೇ ಬೇಕಂತೆ,
ಗಂಡಸರು ನಿಂತಲ್ಲಿ ನಿಲ್ಲುವುದಿಲ್ಲವಂತೆ' ಅಂದಳು.
ಅಪ್ಪ ಕಾಳನ್ನು ಚೀಲಕ್ಕೆ ತುಂಬಿದ.
ನಿರ್ಧಾರವಾಯಿತೆಂದು ನಮಗೆ ಗೊತ್ತಾದದ್ದು
ಚೀಲದ ಬಾಯಿ ಕಟ್ಟಿದ ಮೇಲೆ.

ಏಳು ಲಂಗದ ಮೇಲೊಂದು ಕಿತ್ತಳೆ ಅಂಗಿ,
ತಲೆಯ ಮೇಲೆ ಅದೇ ಹಳೆಯ ಗುಂಡು ಟೋಪಿ,
ಕೈಯಲ್ಲಿ ಕೋಲಿಗೆ ಬಡಿದ ಫಲಕ:
ಒಂದು ಬದಿ ಕೆಂಪು, ನಿಲ್ಲು. ಒಂದು ಬದಿ ಹಸಿರು, ಹೋಗು.
ಲಾರಿಗಳು ನಿಂತವು. ಪ್ರವಾಸಿಗಳ ಬಸ್ಸು ನಿಂತಿತು.
ಒಂದು ದಿನ ಸಂತೆಗೆ ಹೊರಟ ನಮ್ಮ ಕತ್ತೆಯೂ ನಿಂತಿತು,
ಅದರ ಹಗ್ಗ ಹಿಡಿದ ಸಾತುರ್ನಿನೊ, ಅಂದರೆ ನಮ್ಮಪ್ಪ.
'ಏ ಹೆರ್ಮೆಲಿಂಡಾ, ನಾನು ಕಣೇ!'
ಅಮ್ಮ ಅತ್ತ ನೋಡಲಿಲ್ಲ.
ಕೆಂಪು ಕೆಂಪಾಗಿಯೇ ಇತ್ತು, ಧೂಳು ಇಳಿಯುವವರೆಗೂ.

ಆ ಸಂಜೆ ಯಾರೂ ಆ ಮಾತೆತ್ತಲಿಲ್ಲ.
ಕುರಿಹಟ್ಟಿ ಮುಚ್ಚಲು ಎದ್ದ ಅಪ್ಪ
ಬಾಗಿಲಲ್ಲಿ ನಿಂತು, ಗಂಭೀರವಾಗಿ ಕೇಳಿದ:
'ಹೋಗಬಹುದಾ?'
ಅಜ್ಜಿ ನಕ್ಕ ರಭಸಕ್ಕೆ ಗಂಜಿ ಚೆಲ್ಲಿತು.
ಅಮ್ಮ ಬೂಟು ಬಿಚ್ಚುತ್ತಿದ್ದಳು.
ಹಿಮ್ಮಡಿ ಒಡೆದಿತ್ತು. ನಗಲಿಲ್ಲ.

ಅಕ್ಟೋಬರಿನಲ್ಲಿ ಅಪ್ಪನ ಎದುರು ಬಗ್ಗಿ ಕೂತವಳು ನಾನು.
ಹೆಂಟೆ ನನ್ನ ಎದೆಯಷ್ಟು ಭಾರ.
ಎರಡೂ ಕೈ ಹಾಕಿ, ಮೊಣಕಾಲು ಕೊಟ್ಟು ಮಗುಚಿದೆ.
ಸಂಜೆಯ ಹೊತ್ತಿಗೆ ನಾನೊಂದು ಇಡೀ ಕಾಳು
ಅಂತ ನನ್ನಷ್ಟಕ್ಕೆ ಎಣಿಸಿಕೊಂಡು ಮನೆಗೆ ಬಂದೆ.

ಅಮ್ಮ ಆಗಲೇ ಬಂದಿದ್ದಳು.
ಶನಿವಾರದ ನೋಟುಗಳನ್ನು
ಒದ್ದೆ ಮಾಡಿದ ಹೆಬ್ಬೆರಳಲ್ಲಿ ಎಣಿಸುತ್ತ,
ತಲೆಯೆತ್ತದೆ ಅಂದಳು:
'ನಾಲ್ಕನೆಯ ಸಾಲು ಸೊಟ್ಟಗಿದೆ.
ರಸ್ತೆಯಿಂದ ಕಾಣುತ್ತದೆ.'